ಆಂಟೆನಾ ತಿರುಗಲಿ, ಮುಳ್ಳು ನಿಜ ಹೇಳಲಿ

ಆಕಾಶವಾಣಿ ಕೇಂದ್ರದ ಎತ್ತರದ ಕಂಬವನ್ನು ನೀವೆಲ್ಲ ನೋಡಿರುತ್ತೀರಿ. ಮಧ್ಯಮ ತರಂಗದ ಪ್ರಸಾರಕ್ಕೆ ಆ ಉಕ್ಕಿನ ಕಂಬವೇ ಆಂಟೆನಾ. ಕೇಳುವವರು ನಾಲ್ಕೂ ಕಡೆ ಇರುವುದರಿಂದ ಅದು ನಿಂತಲ್ಲೇ ನಿಂತು ಸುತ್ತಲೂ ಒಂದೇ ಸಮ ಹರಡುತ್ತದೆ. ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ ಸ್ಥಿತಿ ಬೇರೆ. ಕೈಯಲ್ಲಿರುವುದು ಹೆಚ್ಚಿನ ಪಾಲು ನೂರು ವಾಟ್‌ನ ಒಂದು ಸೆಟ್ಟು. ಮಾತಾಡಬೇಕಾದವರು ಒಬ್ಬರೇ, ಅವರು ಜಪಾನಿನಲ್ಲೋ ಬ್ರೆಜಿಲ್‌ನಲ್ಲೋ ಕೂತಿದ್ದಾರೆ. ಇರುವ ನೂರು ವಾಟ್ ದಿಕ್ಕುದಿಕ್ಕಿಗೆ ಹಂಚಿಹೋದರೆ ಆ ಒಬ್ಬರ ಪಾಲಿಗೆ ಉಳಿಯುವುದು ತೀರ ಕಡಿಮೆ. ಹಾಗಾಗಿ ಹ್ಯಾಮ್‌ಗಳು ಶಕ್ತಿಯನ್ನೆಲ್ಲ ಒಂದೇ ಕಡೆ ಒಟ್ಟುಮಾಡಿ ಕಳಿಸುವ ಆಂಟೆನಾ ಕಟ್ಟುತ್ತಾರೆ, ಅದನ್ನು ಬೇಕಾದ ಕಡೆಗೆ ತಿರುಗಿಸುವ ಯಂತ್ರವನ್ನೂ ಕೂರಿಸುತ್ತಾರೆ. ಆ ಯಂತ್ರದ ಹೆಸರು ರೊಟೇಟರ್. ಅದನ್ನು ಟವರಿನ ಮೇಲೆ ಕೂರಿಸುವುದು ಹೇಗೆ, ಕೂರಿಸಿದ ಮೇಲೆ ಅದರ ಮುಳ್ಳು ತೋರುವ ದಿಕ್ಕು ನಿಜವಾದ ದಿಕ್ಕೇ ಆಗಿರುವಂತೆ ಮಾಡುವುದು ಹೇಗೆ ಎಂಬುದು ಇವತ್ತಿನ ನನ್ನ ಮಾತು.

ಮೊದಲು ಆಂಟೆನಾದ ವಿಚಾರ. ಹಳೆಯ ಮನೆಗಳ ತಾರಸಿಯ ಮೇಲೆ ದೂರದರ್ಶನಕ್ಕಾಗಿ ಹಾಕುತ್ತಿದ್ದ, ಒಂದು ಅಡ್ಡ ಕೊಳವೆಗೆ ಸಾಲಾಗಿ ಕಡ್ಡಿ ಸಿಕ್ಕಿಸಿದಂಥ ಆಂಟೆನಾ ನೆನಪಿದೆಯಲ್ಲ? ಅದೇ ಯಾಗಿ. ಜಪಾನಿನ ಸೆಂಡಾಯ್ ಊರಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉದಾ ಎಂಬವರು ಇದರ ಪ್ರಯೋಗಗಳನ್ನು ಮಾಡಿದರು. ಅವರ ಹಿರಿಯರಾದ ಹಿದೆತ್ಸುಗು ಯಾಗಿ 1928ರಲ್ಲಿ ಇಂಗ್ಲಿಷಿನಲ್ಲಿ ಬರೆದ ಲೇಖನದಿಂದ ಅದು ಜಗತ್ತಿಗೆ ತಿಳಿಯಿತು. ಹೆಸರು ಯಾಗಿಯವರದಾಯಿತು, ಉದಾ ಅವರ ಹೆಸರನ್ನೂ ಸೇರಿಸಿ ಹೇಳುವುದೇ ನ್ಯಾಯ ಎಂದು ನಾನು ನಂಬಿದ್ದೇನೆ. ಮೂರು ಕಡ್ಡಿಯ ಒಂದು ಯಾಗಿ-ಉದಾ ಆಂಟೆನಾ, ಸಾದಾ ತಂತಿಯ ಆಂಟೆನಾಕ್ಕಿಂತ ಸುಮಾರು ನಾಲ್ಕು ಪಟ್ಟು ಬಲವನ್ನು ಮುಂದಕ್ಕೆ ಕಳಿಸಬಲ್ಲದು. ಕೇಳುವಾಗಲೂ ಅಷ್ಟೇ, ಮುಂದಿನಿಂದ ಬಂದದ್ದನ್ನು ಹಿಡಿಯುತ್ತದೆ, ಹಿಂದಿನ ಗದ್ದಲವನ್ನು ತಡೆಯುತ್ತದೆ. ನನ್ನ ಅನುಭವದಲ್ಲಿ ಈ ಎರಡನೆಯ ಗುಣವೇ ದೊಡ್ಡದು. ಬೆಂಗಳೂರಿನಂಥ ಊರಿನಲ್ಲಿ ಎಲ್‌ಇಡಿ ದೀಪ, ಇನ್ವರ್ಟರ್, ಚಾರ್ಜರ್ ಎಲ್ಲವೂ ಸೇರಿ ಎಬ್ಬಿಸುವ ಗದ್ದಲದ ಕಡೆಗೆ ಬೆನ್ನು ತಿರುಗಿಸಿ ನಿಲ್ಲಬಲ್ಲ ಆಂಟೆನಾ ಒಂದು ವರವೇ ಸರಿ.

ಇನ್ನು ಯಾವ ಕಡೆಗೆ ತಿರುಗಿಸಬೇಕು? ಶಾಲೆಯ ಗೋಡೆಯ ಮೇಲಿನ ಭೂಪಟ ನೋಡಿದವರು ಅಮೆರಿಕ ಪಶ್ಚಿಮಕ್ಕಿದೆ ಎನ್ನುತ್ತಾರೆ. ರೇಡಿಯೊ ತರಂಗ ಹೋಗುವುದು ಗುಂಡಗಿನ ಭೂಮಿಯ ಮೇಲೆ, ಅತಿ ಹತ್ತಿರದ ದಾರಿಯಲ್ಲಿ. ಬೆಂಗಳೂರಿನಿಂದ ಲೆಕ್ಕ ಹಾಕಿದರೆ ನ್ಯೂಯಾರ್ಕ್ ಇರುವುದು 335 ಡಿಗ್ರಿಯಲ್ಲಿ, ಅಂದರೆ ನೇರ ಉತ್ತರದಿಂದ ಎಡಕ್ಕೆ ಬರೀ 25 ಡಿಗ್ರಿ. ಲಂಡನ್ 320ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಇನ್ನೂ ಆಶ್ಚರ್ಯ, ಅದು ಸುಮಾರು 20 ಡಿಗ್ರಿಯಲ್ಲಿದೆ, ಉತ್ತರದಿಂದ ಬಲಕ್ಕೆ. ಮಗ, ಮಗಳು, ಮೊಮ್ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಅವರ ಕಡೆಗೆ ಆಂಟೆನಾ ತಿರುಗಿಸಬೇಕಾದರೆ ಹಿಮಾಲಯದ ಕಡೆ ಮುಖ ಮಾಡಬೇಕು. ತರಂಗ ಹಿಮಾಲಯ ದಾಟಿ, ಸೈಬೀರಿಯಾದ ಉತ್ತರದ ಅಂಚನ್ನು ಮುಟ್ಟಿ, ಆಮೇಲೆ ಅಮೆರಿಕದ ಪಶ್ಚಿಮ ತೀರಕ್ಕೆ ಇಳಿಯುತ್ತದೆ. ಟೋಕಿಯೊ 56 ಡಿಗ್ರಿ, ಸಿಡ್ನಿ 127, ನೈರೋಬಿ 254, ಸಾವೊ ಪಾವ್ಲೊ 250. ಬೆಂಗಳೂರನ್ನೇ ನಡುವಿಟ್ಟು ಬರೆದ ಭೂಪಟವನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಗೋಡೆಗೆ ಅಂಟಿಸಿಕೊಳ್ಳಿ. ನಿಮ್ಮ ಮನೆಯ ಸುತ್ತ ಲೋಕ ಹೇಗೆ ಹರಡಿಕೊಂಡಿದೆ ಎಂದು ಆ ಭೂಪಟದಲ್ಲಿ ನೋಡಿದ ಮೇಲೆ ಹಳೆಯ ಭೂಪಟದ ಕಡೆ ಕಣ್ಣು ಹೋಗುವುದಿಲ್ಲ.

ಈ ಸಂಖ್ಯೆಗಳನ್ನು ಮತ್ತೊಮ್ಮೆ ಗಮನಿಸಿ. ಯುರೋಪು 320ರ ಆಸುಪಾಸು, ಅಮೆರಿಕದ ಪೂರ್ವ ತೀರ 335, ಪಶ್ಚಿಮ ತೀರ 20. ಹ್ಯಾಮ್‌ಗಳು ಹೆಚ್ಚಾಗಿರುವ ನಾಡುಗಳಲ್ಲಿ ಬಹಳಷ್ಟು ನಮಗೆ ಉತ್ತರದ ಎಡಬಲದಲ್ಲೇ ಗುಂಪುಗಟ್ಟಿವೆ. ರೊಟೇಟರ್ ಕೂರಿಸುವವರು ಮೊದಲು ತೀರ್ಮಾನಿಸಬೇಕಾದ ಸಂಗತಿ ಇಲ್ಲಿಂದಲೇ ಹುಟ್ಟುತ್ತದೆ. ರೊಟೇಟರ್ ಕೊನೆಯಿಲ್ಲದೆ ಸುತ್ತುವುದಿಲ್ಲ. ಆಂಟೆನಾದಿಂದ ಇಳಿದುಬರುವ ಕೇಬಲ್ ಕಂಬಕ್ಕೆ ಸುತ್ತಿಕೊಂಡು ಹರಿಯಬಾರದೆಂದು ಅದಕ್ಕೊಂದು ತಡೆ ಇರುತ್ತದೆ. ಆ ತಡೆ ಯಾವ ದಿಕ್ಕಿಗೆ ಬರಬೇಕೆಂಬುದನ್ನು ಕೂರಿಸುವವರು ಗೊತ್ತುಮಾಡಬೇಕು. ತಡೆ ಉತ್ತರಕ್ಕೆ ಬಂತು ಎನ್ನಿ. 335ರಲ್ಲಿ ನ್ಯೂಯಾರ್ಕಿನವರ ಜೊತೆ ಮಾತು ಮುಗಿಸಿ 20ರಲ್ಲಿ ಕ್ಯಾಲಿಫೋರ್ನಿಯಾದವರನ್ನು ಹಿಡಿಯಬೇಕಾದರೆ 45 ಡಿಗ್ರಿ ದಾಟುವುದಕ್ಕೆ ಬದಲು ಹಿಂದಿನಿಂದ 315 ಡಿಗ್ರಿ ಸುತ್ತಿ ಬರಬೇಕು. ಸಾಮಾನ್ಯ ರೊಟೇಟರಿಗೆ ಒಂದು ಪೂರ್ತಿ ಸುತ್ತಿಗೆ ಒಂದು ನಿಮಿಷದ ಆಜುಬಾಜು ಬೇಕು. 60 ಹರ್ಟ್ಜ್ ವಿದ್ಯುತ್ತಿಗೆಂದು ಬರೆದ ಆ ಲೆಕ್ಕ ನಮ್ಮ 50 ಹರ್ಟ್ಜ್‌ನಲ್ಲಿ ಇನ್ನೂ ತುಸು ಹಿಗ್ಗುತ್ತದೆ. ಅಷ್ಟರಲ್ಲಿ ಕರೆದವರು ಬೇರೆಯವರ ಜೊತೆ ಮಾತಿಗೆ ಕೂತಿರುತ್ತಾರೆ. ತಡೆಯನ್ನು ದಕ್ಷಿಣಕ್ಕೆ ಇಟ್ಟರೆ ಈ ತೊಂದರೆ ಇಲ್ಲ. ನಮ್ಮ ದಕ್ಷಿಣಕ್ಕೆ ಶ್ರೀಲಂಕಾ, ಮಾಲ್ಡೀವ್ಸ್ ದಾಟಿದರೆ ಅಂಟಾರ್ಕ್ಟಿಕದವರೆಗೂ ಹೆಚ್ಚು ಪಾಲು ನೀರು. ಕರ್ನಾಟಕದಲ್ಲಿ ಕೂರಿಸುವ ರೊಟೇಟರಿಗೆ ತಡೆ ದಕ್ಷಿಣದಲ್ಲೇ ಇರಬೇಕು, ಮುಳ್ಳಿನ ಫಲಕದ ನಡುವೆ ಉತ್ತರ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯೇಸು ಎಂಬ ಕಂಪನಿಯ ಕೆಲವು ರೊಟೇಟರ್‌ಗಳು 360ಕ್ಕೆ ನಿಲ್ಲದೆ 450 ಡಿಗ್ರಿವರೆಗೆ ಹೋಗುತ್ತವೆ. ಅಂಥದ್ದು ಸಿಕ್ಕರೆ ತಡೆಯ ಹತ್ತಿರವೂ ಆಚೀಚೆ ಓಡಾಡಲು ಜಾಗ ಸಿಗುತ್ತದೆ.

ಇಷ್ಟು ತೀರ್ಮಾನವಾದ ಮೇಲೆ ಯಂತ್ರದ ಒಳಗೆ ಏನಿದೆ ನೋಡೋಣ. ಒಂದು ಸಣ್ಣ ಮೋಟರ್, ಅದರ ವೇಗವನ್ನು ಇಳಿಸಿ ಬಲವನ್ನು ಏರಿಸುವ ಹಲ್ಲುಗಾಲಿಗಳು, ಗಾಳಿ ಆಂಟೆನಾವನ್ನು ತಿರುಗಿಸಿಬಿಡದಂತೆ ಹಿಡಿಯುವ ಬ್ರೇಕು, ಮತ್ತೆ ಒಂದು ಪೊಟೆನ್ಷಿಯೋಮೀಟರ್. ರೇಡಿಯೊದ ದನಿ ಏರಿಸುವ ಗುಂಡಿಯ ಹಿಂದಿರುವುದೂ ಇದೇ ಜಾತಿಯ ಬಿಡಿಭಾಗ. ಆಂಟೆನಾವನ್ನು ಹೊತ್ತ ನೆಟ್ಟನೆಯ ಕೊಳವೆ ತಿರುಗಿದಂತೆ ಇದರ ರೋಧವೂ ಬದಲಾಗುತ್ತದೆ, ಹೆಚ್ಚಿನ ರೊಟೇಟರ್‌ಗಳಲ್ಲಿ ಸೊನ್ನೆಯಿಂದ 500 ಓಮ್‌ವರೆಗೆ. ಕೆಳಗೆ ಮೇಜಿನ ಮೇಲಿರುವ ಕಂಟ್ರೋಲ್ ಬಾಕ್ಸ್ ಆ ರೋಧವನ್ನು ಅಳೆದು ಮುಳ್ಳನ್ನು ಓಡಿಸುತ್ತದೆ. ಮುಳ್ಳಿಗೆ ಗೊತ್ತಿರುವುದು ಇಷ್ಟೇ. ಅದು ಆಂಟೆನಾವನ್ನು ಎಂದೂ ಕಂಡಿಲ್ಲ. ಮೇಲೆ ಕ್ಲ್ಯಾಂಪು ಸಡಿಲವಾಗಿ ಆಂಟೆನಾ ಪೂರ್ವಕ್ಕೆ ಜಾರಿ ನಿಂತಿದ್ದರೂ ಮುಳ್ಳು ಉತ್ತರ ಎಂದೇ ಹೇಳುತ್ತಿರುತ್ತದೆ. ರೊಟೇಟರ್ ಕೆಲಸದಲ್ಲಿ ಮೋಟರ್ ತಿರುಗುವಂತೆ ಮಾಡುವುದು ಅರ್ಧ ದಿನದ ಕೆಲಸ. ಮುಳ್ಳಿನ ಮಾತನ್ನೂ ಆಂಟೆನಾದ ಮುಖವನ್ನೂ ಒಂದು ಮಾಡುವುದೇ ನಿಜವಾದ ಕೆಲಸ.

ಟವರ್ ಹತ್ತುವ ಮೊದಲು ಎಲ್ಲವನ್ನೂ ನೆಲದ ಮೇಲೆ ಜೋಡಿಸಿ ನೋಡಬೇಕು. ಮೇಲೆ ಹಾಕಲಿರುವ ಕೇಬಲನ್ನೇ, ಅದರ ಪೂರ್ತಿ ಉದ್ದದಲ್ಲೇ ಜೋಡಿಸಿ ಪರೀಕ್ಷಿಸಬೇಕು. ಏಕೆಂದರೆ ಉದ್ದದ ತಂತಿಗೆ ತನ್ನದೇ ರೋಧವಿದೆ, ಅದೂ ಮುಳ್ಳಿನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಅಮೆರಿಕದ ಹ್ಯಾಮ್-ಫೋರ್ ಎಂಬ ಹಳೆಯ, ಗಟ್ಟಿ ರೊಟೇಟರಿಗೆ ಎಂಟು ತಂತಿ ಬೇಕು. ಅವುಗಳಲ್ಲಿ ಬ್ರೇಕಿನ ಎರಡು ತಂತಿಗಳು ದಪ್ಪವಾಗಿರಬೇಕು. ಸಣ್ಣ ತಂತಿ ಹಾಕಿದರೆ ವೋಲ್ಟೇಜು ದಾರಿಯಲ್ಲೇ ಕರಗಿ ಬ್ರೇಕು ಬಿಡುವುದೇ ಇಲ್ಲ, ಮೋಟರ್ ಮುಲುಗುತ್ತದೆ. ಮೊದಲು ಯಂತ್ರವನ್ನು ಎಡಕ್ಕೆ ತಡೆಯವರೆಗೂ ಓಡಿಸಿ. ಮುಳ್ಳು ಸೊನ್ನೆಯ ಗೆರೆಯ ಮೇಲೆ ಕೂರಬೇಕು. ಆಮೇಲೆ ಬಲಕ್ಕೆ ಕೊನೆಯವರೆಗೂ ಓಡಿಸಿ, ಬಾಕ್ಸಿನಲ್ಲಿರುವ ತಿರುಪನ್ನು ತಿರುಗಿಸಿ ಮುಳ್ಳನ್ನು ಕೊನೆಯ ಗೆರೆಗೆ ತನ್ನಿ. ನಡುವೆ ನಾಲ್ಕಾರು ಕಡೆ ನಿಲ್ಲಿಸಿ, ಕೊಳವೆಯ ಮೇಲೆ ಮಾಡಿದ ಗುರುತನ್ನೂ ಮುಳ್ಳನ್ನೂ ಹೋಲಿಸಿ. ಎಲ್ಲಾದರೂ ಮುಳ್ಳು ತಟ್ಟನೆ ಹಾರಿದರೆ ಪೊಟೆನ್ಷಿಯೋಮೀಟರ್ ಸವೆದಿದೆ ಎಂದರ್ಥ. ಅದನ್ನು ನೆಲದ ಮೇಲೇ ಬದಲಿಸುವುದು ಸುಲಭ, ಐವತ್ತು ಅಡಿ ಎತ್ತರದಲ್ಲಿ ನೇತಾಡುತ್ತಾ ಬದಲಿಸುವುದು ಕಷ್ಟ ಮಾತ್ರವಲ್ಲ, ಅಪಾಯ.

ಎಲ್ಲ ಪರೀಕ್ಷೆ ಮುಗಿದ ಮೇಲೆ ಯಂತ್ರವನ್ನು ಸರಿಯಾಗಿ ನಡು ಗೆರೆಗೆ, ಅಂದರೆ ಉತ್ತರಕ್ಕೆ ತಂದು ನಿಲ್ಲಿಸಿ ಪ್ಲಗ್ ಕಿತ್ತುಬಿಡಿ. ಮೇಲೆ ಆಂಟೆನಾದ ಮುಖವನ್ನು ಉತ್ತರಕ್ಕೆ ಹಿಡಿದು ಕ್ಲ್ಯಾಂಪು ಬಿಗಿಯುವವರೆಗೆ ಅದನ್ನು ಯಾರೂ ಅಲುಗಿಸಬಾರದು. ಕೆಳಗೆ ಇನ್ನೊಬ್ಬರು ಕುತೂಹಲಕ್ಕೆ ಗುಂಡಿ ಒತ್ತಿದರೂ ಮೇಲಿರುವವರ ಕೈ ಕೊಳವೆಗೂ ಟವರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಪ್ಲಗ್ ಹತ್ತುವವರ ಜೇಬಿನಲ್ಲಿರುವುದು ಒಳ್ಳೆಯದು. ಸೊಂಟಕ್ಕೂ ಭುಜಕ್ಕೂ ಬರುವ ಸುರಕ್ಷಾ ಬೆಲ್ಟು ಇಲ್ಲದೆ ಹತ್ತುವವರನ್ನು ತಡೆಯಿರಿ, ಅವರು ಎಷ್ಟೇ ಅನುಭವಿಗಳಾಗಿರಲಿ. ಟವರು ಉರುಳಿ ಬಿದ್ದರೂ ಮುಟ್ಟದಷ್ಟು ದೂರದಲ್ಲಿ ವಿದ್ಯುತ್ ತಂತಿಗಳು ಇರಬೇಕು. ನಮ್ಮ ಬಡಾವಣೆಗಳಲ್ಲಿ ಕಂಬದ ತಂತಿ ತಾರಸಿಯ ಅಂಚಿಗೇ ಬಂದಿರುವುದನ್ನು ನೋಡಿದಾಗ ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ರೊಟೇಟರನ್ನು ಕಂಬದ ತುದಿಯಲ್ಲಿ ಬಯಲಿಗೆ ಕೂರಿಸುವುದಕ್ಕೂ ಟವರಿನ ಹೊಟ್ಟೆಯೊಳಗೆ ಕೂರಿಸುವುದಕ್ಕೂ ಅಜಗಜಾಂತರ. ಅದೇ ಹ್ಯಾಮ್-ಫೋರ್ ರೊಟೇಟರಿಗೆ ತಯಾರಕರು ಕೊಟ್ಟಿರುವ ಮಿತಿ ನೋಡಿ. ಟವರಿನ ಒಳಗಾದರೆ 15 ಚದರಡಿ ಗಾಳಿ ತಾಗುವ ಆಂಟೆನಾ, ಕಂಬದ ತುದಿಗಾದರೆ ಅದರ ಅರ್ಧ, ಏಳೂವರೆ. ಒಳಗೆ ಕೂರಿಸಿದಾಗ ಮೇಲಿನ ಬೇರಿಂಗ್ ಕೊಳವೆಯನ್ನು ಪಕ್ಕಕ್ಕೆ ವಾಲದಂತೆ ಹಿಡಿಯುತ್ತದೆ, ರೊಟೇಟರ್‌ ಮೇಲೆ ಬೀಳುವುದು ತಿರುಚುವ ಬಲವೊಂದೇ. ಆದರೆ ಬೇರಿಂಗಿನ ನಡುವೂ ರೊಟೇಟರಿನ ನಡುವೂ ಒಂದೇ ನೇರದಲ್ಲಿರಬೇಕು. ಕಾಲು ಇಂಚು ಆಚೀಚೆಯಾದರೂ ಕೊಳವೆ ಒಂದು ಕಡೆ ಸಲೀಸಾಗಿ, ಇನ್ನೊಂದು ಕಡೆ ತಿಣುಕುತ್ತಾ ತಿರುಗುತ್ತದೆ. ರೊಟೇಟರಿನ ಬೋಲ್ಟುಗಳನ್ನು ಪೂರ್ತಿ ಬಿಗಿಯದೆ ಕೊಳವೆಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಯಂತ್ರ ತಾನಾಗಿ ತನ್ನ ಜಾಗ ಕಂಡುಕೊಂಡ ಮೇಲೆ ಬಿಗಿಯುವುದು ಅನುಭವಿಗಳ ಪದ್ಧತಿ.

ಗಾಳಿ ಎಂದಾಗ ನಮ್ಮಲ್ಲಿ ಆಷಾಢದ ಗಾಳಿಯ ಲೆಕ್ಕವೇ ಲೆಕ್ಕ. ಬಯಲುಸೀಮೆಯಲ್ಲಿ ಹಗಲಿರುಳು ಒಂದೇ ಸಮ ಬೀಸುವ ಅದು, ಬಿರುಗಾಳಿಯಂತೆ ಒಮ್ಮೆ ಬಂದು ಹೋಗುವುದಿಲ್ಲ. ವಾರಗಟ್ಟಲೆ ಆಂಟೆನಾವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒದ್ದಾಡಿಸಿ ಕ್ಲ್ಯಾಂಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರಿಸುತ್ತದೆ. ಕೆಲವರು ಕೊಳವೆಗೂ ಕ್ಲ್ಯಾಂಪಿಗೂ ಅಡ್ಡ ತೂತು ಕೊರೆದು ಬೋಲ್ಟು ಹಾಕಿಬಿಡುತ್ತಾರೆ. ದೊಡ್ಡ ಯಂತ್ರಕ್ಕೆ ಅದು ಸರಿ. ಸಣ್ಣ ರೊಟೇಟರಿಗೆ ನಾನು ಅದನ್ನು ಒಪ್ಪುವುದಿಲ್ಲ. ಜಾರಲು ಎಡೆಯಿಲ್ಲದ ಕಡೆ ಗಾಳಿಯ ಏಟೆಲ್ಲ ಹಲ್ಲುಗಾಲಿಗೆ ಬೀಳುತ್ತದೆ, ಹಲ್ಲು ಮುರಿಯುತ್ತದೆ. ಕ್ಲ್ಯಾಂಪು ಐದು ಡಿಗ್ರಿ ಜಾರಿದರೆ ಮತ್ತೆ ಹೊಂದಿಸಬಹುದು, ಮುರಿದ ಹಲ್ಲಿಗೆ ಬಿಡಿಭಾಗ ತರಿಸುವುದು ತಿಂಗಳುಗಳ ಮಾತು. ಬ್ರೇಕಿನ ವಿಷಯದಲ್ಲೂ ಒಂದು ತಾಳ್ಮೆ ಬೇಕು. ತಿರುಗಿಸುವ ಗುಂಡಿ ಬಿಟ್ಟ ಕೂಡಲೇ ಬ್ರೇಕು ಬೀಳಿಸಬಾರದು. ದೊಡ್ಡ ಆಂಟೆನಾ ತನ್ನ ಓಟ ಮುಗಿಸಿ ನಿಲ್ಲಲು ಕೆಲವು ಸೆಕೆಂಡು ಕೊಡಬೇಕು.

ಕೇಬಲ್ಲಿಗೂ ಸಡಿಲ ಬೇಕು. ರೊಟೇಟರಿನ ಪಕ್ಕದಲ್ಲಿ ದೊಡ್ಡ ಬಳೆಯಾಕಾರದಲ್ಲಿ ಕೇಬಲ್ ಇಳಿಬಿಟ್ಟು, ತಡೆಯಿಂದ ತಡೆಯವರೆಗೆ ತಿರುಗಿಸಿ, ಎಲ್ಲೂ ಎಳೆಯುತ್ತಿಲ್ಲ, ಯಾವ ಬೋಲ್ಟಿಗೂ ಸಿಕ್ಕುತ್ತಿಲ್ಲ ಎಂದು ಕಣ್ಣಾರೆ ನೋಡಬೇಕು. ಕನೆಕ್ಟರುಗಳ ಮೇಲೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದರೆ ಮಳೆನೀರು ಪದರದ ಮೇಲೆ ಜಾರಿ ಇಳಿಯುತ್ತದೆ. ಕರಾವಳಿಯವರಿಗೆ ಉಪ್ಪುಗಾಳಿಯ ಕಾಟ ಬೇರೆ. ಅಲ್ಲಿ ಸ್ಟೇನ್‌ಲೆಸ್ ಬೋಲ್ಟಿಲ್ಲದೆ ಕೆಲಸವಾಗದು. ಭರಣಿ ಮಳೆಯ ಗುಡುಗು ಶುರುವಾಗುವ ಹೊತ್ತಿಗೆ ಟವರಿನ ಬುಡದಲ್ಲಿ ಭೂಸಂಪರ್ಕ ಗಟ್ಟಿಯಾಗಿರಬೇಕು. ಗುಡುಗಿನ ದಿನ ಆಂಟೆನಾ ಕೇಬಲ್ ಬಿಚ್ಚುವವರು ಕೂಡ ರೊಟೇಟರಿನ ತಂತಿ ಬಿಚ್ಚುವುದನ್ನು ಮರೆಯುತ್ತಾರೆ. ಸಿಡಿಲಿಗೆ ಎರಡೂ ದಾರಿಯೇ.

ಈಗ ಮುಖ್ಯವಾದ ಪ್ರಶ್ನೆ. ಉತ್ತರ ಎಲ್ಲಿದೆ?

ದಿಕ್ಸೂಚಿ ಇದೆಯಲ್ಲ ಎನ್ನುತ್ತೀರಿ. ಅದು ತೋರುವುದು ಕಾಂತೀಯ ಉತ್ತರವನ್ನು. ನಮ್ಮ ಪುಣ್ಯಕ್ಕೆ ಬೆಂಗಳೂರಿನಲ್ಲಿ ಅದಕ್ಕೂ ನಿಜವಾದ ಉತ್ತರಕ್ಕೂ ಎರಡು ಡಿಗ್ರಿಯೂ ಅಂತರವಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಅದು 15 ಡಿಗ್ರಿಯಷ್ಟಿದೆ, ಅಲ್ಲಿಯವರು ಪ್ರತಿ ಸಲ ಕೂಡಿ ಕಳೆಯಬೇಕು. ನಮ್ಮ ತೊಂದರೆ ಬೇರೆ. ಉಕ್ಕಿನ ಟವರಿನ ಪಕ್ಕ, ಕಬ್ಬಿಣದ ಸರಳು ತುಂಬಿದ ತಾರಸಿಯ ಮೇಲೆ ನಿಂತು ದಿಕ್ಸೂಚಿ ಹಿಡಿದರೆ ಅದು ಟವರಿನ ಕಡೆ ವಾಲುತ್ತದೆ. ಮೊಬೈಲಿನ ದಿಕ್ಸೂಚಿಯೂ ಇದೇ ಜಾತಿಯದು. ಆದ್ದರಿಂದ ಸೂರ್ಯನನ್ನು ಕೇಳುವುದೇ ಒಳ್ಳೆಯದು.

ಸೂರ್ಯ ನೆತ್ತಿಯ ರೇಖೆ ದಾಟುವ ಕ್ಷಣದಲ್ಲಿ ನೆರಳು ಸರಿಯಾಗಿ ಉತ್ತರ-ದಕ್ಷಿಣವಾಗಿ ಬೀಳುತ್ತದೆ. ಆ ಕ್ಷಣ ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು 77.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಬೆಂಗಳೂರಿನ ಮಧ್ಯಾಹ್ನ ಸರಾಸರಿ 12 ಗಂಟೆ 20 ನಿಮಿಷಕ್ಕೆ, ಮಂಗಳೂರಿನದು 12.31ರ ಸುಮಾರಿಗೆ. ಅದರಲ್ಲೂ ಭೂಮಿಯ ಓಟದ ಏರಿಳಿತದಿಂದ ನವೆಂಬರ್ ಮೊದಲಲ್ಲಿ ಬೆಂಗಳೂರಿನ ಮಧ್ಯಾಹ್ನ 12.03ಕ್ಕೇ ಬಂದುಬಿಡುತ್ತದೆ, ಫೆಬ್ರವರಿ ನಡುವಿನಲ್ಲಿ 12.34ಕ್ಕೆ ಹೋಗುತ್ತದೆ. ಆಯಾ ದಿನದ ಸಮಯವನ್ನು ಪಂಚಾಂಗದ ಸೂರ್ಯೋದಯ, ಸೂರ್ಯಾಸ್ತಗಳ ನಡುವಿನ ಕ್ಷಣವಾಗಿ ನೀವೇ ಲೆಕ್ಕ ಹಾಕಬಹುದು. ಗಾರೆಯವರ ತೂಗುಗುಂಡನ್ನು ತಾರಸಿಯ ಮೇಲೆ ಇಳಿಬಿಟ್ಟು, ಆ ಕ್ಷಣದಲ್ಲಿ ದಾರದ ನೆರಳಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರೆ ಅದೇ ಉತ್ತರ-ದಕ್ಷಿಣ.

ಇದಕ್ಕೆ ಡಿಸೆಂಬರ್ ತಿಂಗಳು ಶ್ರೇಷ್ಠ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಒಂದು ಮೀಟರ್ ಎತ್ತರದ ಕೋಲಿಗೆ ಮುಕ್ಕಾಲು ಮೀಟರಿನಷ್ಟು ನೆರಳು ಸಿಗುತ್ತದೆ. ಒಂದು ನಿಮಿಷ ತಪ್ಪಿದರೂ ಗೆರೆ ಅರ್ಧ ಡಿಗ್ರಿಯೂ ಓರೆಯಾಗದು. ಜೂನ್ ತಿಂಗಳಲ್ಲಿ ಬೇರೆಯೇ ಕಥೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಅದೇ ಶೂನ್ಯ ನೆರಳಿನ ದಿನ. ಅಲ್ಲಿಂದ ಆಗಸ್ಟ್ 18ರವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ ಕೊನೆಯಲ್ಲಿ ಅದೇ ಒಂದು ಮೀಟರ್ ಕೋಲಿನ ನೆರಳು ಒಂದು ಗೇಣೂ ಇರದು, ನಿಮಿಷಕ್ಕೆ ಒಂದೂಕಾಲು ಡಿಗ್ರಿಯಂತೆ ಓಡುತ್ತಿರುತ್ತದೆ. ವಿದೇಶದ ಕೈಪಿಡಿಗಳು ಮಧ್ಯಾಹ್ನದ ನೆರಳು ಉತ್ತರಕ್ಕೆ ಎಂದು ಬರೆದಿರುತ್ತವೆ. ಅದನ್ನೇ ನಂಬಿ ಜೂನ್‌ನಲ್ಲಿ ಆಂಟೆನಾ ಕೂರಿಸಿದರೆ ಯಾಗಿ ಪೂರ್ತಿ ಹಿಂದುಮುಂದಾಗುತ್ತದೆ.

ಅಂಥ ತಿಂಗಳುಗಳಿಗೆ ನಮ್ಮ ಶಿಲ್ಪಿಗಳು ದೇವಸ್ಥಾನದ ಪಾಯ ಹಾಕುವಾಗ ಬಳಸುತ್ತಾ ಬಂದ ಶಂಕುವಿನ ವಿಧಾನವಿದೆ. ಮಟ್ಟಸವಾದ ನೆಲದಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿ, ಅದರ ಸುತ್ತ ಒಂದು ವೃತ್ತ ಬರೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದ ಒಳಗೆ ಬರುವ ಜಾಗಕ್ಕೆ ಒಂದು ಚುಕ್ಕೆ, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗಕ್ಕೆ ಇನ್ನೊಂದು ಚುಕ್ಕೆ. ಎರಡನ್ನೂ ಕೂಡಿಸಿದರೆ ಪೂರ್ವ-ಪಶ್ಚಿಮ ರೇಖೆ. ಗಡಿಯಾರ ಬೇಡ, ಕೋಷ್ಟಕ ಬೇಡ. ಮೋಡದ ತಂಟೆಯಿಲ್ಲದ ದಿನ ಒಂದು ಸಿಕ್ಕರೆ ಸಾಕು. ರಾತ್ರಿಯಾದರೆ ಧ್ರುವ ನಕ್ಷತ್ರವಿದೆ. ಅದು ನಿಜವಾದ ಉತ್ತರದಿಂದ ಒಂದು ಡಿಗ್ರಿಯೂ ಆಚೆ ಹೋಗದು. ಆದರೆ ನಮ್ಮ ಅಕ್ಷಾಂಶದಷ್ಟೇ ಎತ್ತರದಲ್ಲಿರುವುದರಿಂದ ಬೆಂಗಳೂರಿನಲ್ಲಿ ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಕಟ್ಟಡಗಳ ಹಿಂದೆ, ದೀಪದ ಮಬ್ಬಿನಲ್ಲಿ ಹುಡುಕಬೇಕು. ಬೀದರಿನವರಿಗೆ ಅದು 18 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ.

ನೆಲದ ಗೆರೆಯನ್ನು ಆಂಟೆನಾದ ಅಡ್ಡ ಕೊಳವೆಗೆ, ಅಂದರೆ ಬೂಮಿಗೆ ಹೊಂದಿಸಲು ಒಬ್ಬರು ಗೆರೆಯ ನೇರದಲ್ಲಿ ಸಾಧ್ಯವಾದಷ್ಟು ದೂರ ಹೋಗಿ ನಿಂತು ನೋಡಬೇಕು. ಬೂಮಿನ ಒಂದು ತುದಿ ಇನ್ನೊಂದರ ಹಿಂದೆ ಅಡಗಿ, ಕಡ್ಡಿಗಳೆಲ್ಲ ಒಂದರೊಳಗೊಂದು ಸೇರಿದಂತೆ ಕಂಡಾಗ ಮೇಲಿರುವವರು ಬಿಗಿಯಬೇಕು. ಟವರಿನಿಂದ ಕಾಣುವ ಬೆಟ್ಟವನ್ನೂ ಗುರಿಯಾಗಿ ಇಟ್ಟುಕೊಳ್ಳಬಹುದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟ, ಚಿತ್ರದುರ್ಗದವರಿಗೆ ಜೋಗಿಮಟ್ಟಿ. ನಿಮ್ಮ ಮನೆಯ ಮತ್ತು ಬೆಟ್ಟದ ಅಕ್ಷಾಂಶ-ರೇಖಾಂಶಗಳಿಂದ ಅದರ ದಿಕ್ಕು ಡಿಗ್ರಿಗಳಲ್ಲಿ ಸಿಗುತ್ತದೆ. ಐದು ಕಿಲೋಮೀಟರ್ ದೂರದ ಗುರಿಯಲ್ಲಿ 90 ಮೀಟರ್ ತಪ್ಪಿದರೆ ಒಂದು ಡಿಗ್ರಿ ತಪ್ಪು, ಅಷ್ಟೇ.

ಎಷ್ಟು ನಿಖರತೆ ಬೇಕು ಎಂಬುದಕ್ಕೂ ಒಂದು ವಿವೇಕವಿದೆ. 14 ಮೆಗಾಹರ್ಟ್ಜ್‌ನ ಮೂರು ಕಡ್ಡಿಯ ಯಾಗಿ 60 ಡಿಗ್ರಿಯಷ್ಟು ಅಗಲಕ್ಕೆ ನೋಡುತ್ತದೆ, ಅದಕ್ಕೆ ಐದು ಡಿಗ್ರಿ ತಪ್ಪು ಲೆಕ್ಕಕ್ಕಿಲ್ಲ. 435 ಮೆಗಾಹರ್ಟ್ಜ್‌ನ ಉದ್ದನೆಯ ಯಾಗಿಗೆ ಆ ಅಗಲ 25 ಡಿಗ್ರಿಯ ಸುಮಾರಿಗೆ ಇಳಿಯುತ್ತದೆ. ಗಾಳಿಯಲ್ಲಿ ಬರುವ ಸಂಕೇತದಿಂದ ಪರೀಕ್ಷಿಸುವವರು ಅದು ಅತಿ ಜೋರಾಗಿ ಕೇಳುವ ಜಾಗವನ್ನು ಹುಡುಕುತ್ತಾ ಕೂರಬಾರದು. ಆ ಶಿಖರ ಚಪ್ಪಟೆಯಾಗಿರುತ್ತದೆ, ಎಲ್ಲಿ ತುದಿ ಎಂದು ಕಿವಿಗೂ ಮೀಟರಿಗೂ ತಿಳಿಯದು. ಎಡಕ್ಕೆ ತಿರುಗಿಸಿ ಸಂಕೇತ ಅರ್ಧಕ್ಕೆ ಇಳಿದ ಡಿಗ್ರಿ ಬರೆದುಕೊಳ್ಳಿ, ಬಲಕ್ಕೂ ಹಾಗೇ ಮಾಡಿ, ಎರಡರ ನಡುವಿನದೇ ನಿಜವಾದ ದಿಕ್ಕು. ಇದಕ್ಕೆ ಲೋಕದ ತುಂಬ ಹರಡಿರುವ ಹವ್ಯಾಸಿ ಬೀಕನ್‌ಗಳು ಒದಗುತ್ತವೆ. 14.100 ಮೆಗಾಹರ್ಟ್ಜ್‌ನಲ್ಲಿ ಒಂದಾದ ಮೇಲೊಂದರಂತೆ 18 ಕೇಂದ್ರಗಳು, ತಲಾ ಹತ್ತು ಸೆಕೆಂಡು, ಮೂರು ನಿಮಿಷಕ್ಕೊಂದು ಸರದಿ. ಪ್ರತಿಯೊಂದೂ ತನ್ನ ಕರೆಸಂಕೇತವನ್ನು ಮೋರ್ಸ್‌ನಲ್ಲಿ ಹೇಳಿ, ನೂರು ವಾಟಿನಿಂದ ಒಂದು ವಾಟಿನ ಹತ್ತನೇ ಒಂದಕ್ಕೆ ಹಂತಹಂತವಾಗಿ ಇಳಿಯುತ್ತದೆ. ಜಪಾನಿನದು ಕೇಳಿಸಿದಾಗ ಮುಳ್ಳು 56ರ ಹತ್ತಿರ ಇದೆಯೇ ಎಂದು ನೋಡಿದರೆ ನಿಮ್ಮ ಕೆಲಸದ ಅಂಕ ಅಲ್ಲೇ ಸಿಗುತ್ತದೆ.

ಉಪಗ್ರಹಗಳ ಮೂಲಕ ಮಾತಾಡುವವರಿಗೆ ಒಂದು ರೊಟೇಟರ್ ಸಾಲದು, ಮೇಲೆ ಕೆಳಗೆ ಬಾಗಿಸುವ ಇನ್ನೊಂದು ಬೇಕು. ಕರ್ನಾಟಕದ ಹ್ಯಾಮ್‌ಗಳಿಗೆ ಇದು ಬರೀ ಪುಸ್ತಕದ ವಿದ್ಯೆ ಅಲ್ಲ. ಬೆಂಗಳೂರಿನ ಇಸ್ರೊ ತಯಾರಿಸಿದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಶ್ರೀಹರಿಕೋಟದಿಂದ ಕಾರ್ಟೊಸ್ಯಾಟ್-1ರ ಜೊತೆ ಮೇಲೇರಿತು. 42.5 ಕಿಲೊ ತೂಕದ ಆ ಪುಟ್ಟ ಉಪಗ್ರಹ 435 ಮೆಗಾಹರ್ಟ್ಜ್‌ನಲ್ಲಿ ಕೇಳಿ 145ರಲ್ಲಿ ಮರುಪ್ರಸಾರ ಮಾಡುತ್ತಾ, 2014ರ ಜುಲೈನಲ್ಲಿ ಬ್ಯಾಟರಿ ಸೋಲುವವರೆಗೆ ಲೋಕದ ಹ್ಯಾಮ್‌ಗಳಿಗೆಲ್ಲ ಸೇತುವೆಯಾಗಿತ್ತು. ಅದರ ಧ್ವನಿಯನ್ನು ತಮ್ಮ ತಾರಸಿಯಿಂದ ಹಿಡಿಯಲೆಂದೇ ಎರಡು ರೊಟೇಟರ್ ಕೂರಿಸಿದವರು ನಮ್ಮ ನಡುವೆ ಇದ್ದಾರೆ. ಅಂಥ ಉಪಗ್ರಹ ದಿಗಂತದಿಂದ ದಿಗಂತಕ್ಕೆ ಹಾಯುವುದು ಹತ್ತು ಹದಿನೈದು ನಿಮಿಷದಲ್ಲಿ. ಕಂಪ್ಯೂಟರು ಅದರ ಜಾಗವನ್ನು ಲೆಕ್ಕ ಹಾಕಿ ರೊಟೇಟರನ್ನು ನಡೆಸುತ್ತದೆ. ಯೇಸು ಜಿ-5500 ಎಂಬ ರೊಟೇಟರಿನಲ್ಲಿ, ಕಂಪ್ಯೂಟರಿಗೆ ದಿಕ್ಕು ತಿಳಿಸುವ ವೋಲ್ಟೇಜು 450 ಡಿಗ್ರಿಗೆ ನಾಲ್ಕೂವರೆ ವೋಲ್ಟ್ ಬರುವಂತೆ ಹಿಂದಿನ ತಿರುಪನ್ನು ಹೊಂದಿಸಿದರೆ ಡಿಗ್ರಿಗೆ ಹತ್ತು ಮಿಲಿವೋಲ್ಟ್, ಲೆಕ್ಕ ಸಲೀಸು. ನಡುನೆತ್ತಿಯಲ್ಲೇ ಹಾಯುವಾಗ ಮಾತ್ರ ಪೇಚಾಟ. ಆಂಟೆನಾ ಕ್ಷಣಾರ್ಧದಲ್ಲಿ ಅರ್ಧ ಸುತ್ತು ತಿರುಗಬೇಕಾಗುತ್ತದೆ. ಅದಕ್ಕೇ ಬಾಗಿಸುವ ರೊಟೇಟರ್ 90ಕ್ಕೆ ನಿಲ್ಲದೆ 180 ಡಿಗ್ರಿವರೆಗೆ ಹೋಗುತ್ತದೆ. ಆಂಟೆನಾ ನೆತ್ತಿಯ ಮೇಲಿಂದ ಹಿಂದಕ್ಕೆ ಮಗುಚಿಕೊಂಡು ಉಪಗ್ರಹವನ್ನು ಹಿಂಬಾಲಿಸುತ್ತದೆ.

ಎತ್ತರದ ಮುಳ್ಳನ್ನು ಸೊನ್ನೆಗೆ ಹೊಂದಿಸಲು ಬೂಮಿನ ಮೇಲೆ ರಸಮಟ್ಟ ಇಟ್ಟರೆ ಸಾಕು. ಎರಡನ್ನೂ ಒಟ್ಟಿಗೆ ಪರೀಕ್ಷಿಸಲು ನಾನು ಬಲ್ಲ ಅತ್ಯುತ್ತಮ ಉಪಾಯ ಮತ್ತೆ ಸೂರ್ಯನದೇ. ಬೆಳಗಿನ ಒಂಬತ್ತರ ಸುಮಾರಿಗೆ, ಕಂಪ್ಯೂಟರಿಗೆ ಸೂರ್ಯನನ್ನು ಹಿಂಬಾಲಿಸಲು ಹೇಳಿ. ನೀವು ಮೇಲೆ ನೋಡಬೇಡಿ, ತಾರಸಿಯ ನೆಲ ನೋಡಿ. ಉದ್ದಕ್ಕೆ ಬಿದ್ದಿದ್ದ ಬೂಮಿನ ನೆರಳು ಆಂಟೆನಾ ತಿರುಗುತ್ತಾ ಬಂದಂತೆ ಗಿಡ್ಡವಾಗುತ್ತಾ ಹೋಗಿ, ಕೊನೆಗೆ ಒಂದು ಸಣ್ಣ ಮಚ್ಚೆಯಾಗುತ್ತದೆ. ಕಡ್ಡಿಗಳ ನೆರಳುಗಳೆಲ್ಲ ಒಂದರ ಮೇಲೊಂದು ಕೂತು ಒಂದೇ ಕಡ್ಡಿಯಂತೆ ಕಾಣುತ್ತವೆ. ಮಚ್ಚೆಗೆ ಬದಲು ಬಾಲ ಉಳಿದಿದ್ದರೆ, ಆ ಬಾಲ ಯಾವ ಕಡೆಗಿದೆ ಎಂಬುದೇ ತಪ್ಪು ದಿಕ್ಕಿನಲ್ಲೋ ಎತ್ತರದಲ್ಲೋ ಎಂದು ಹೇಳುತ್ತದೆ. ಇದೇ ಪರೀಕ್ಷೆಯನ್ನು ಸಂಜೆ ನಾಲ್ಕಕ್ಕೆ ಮತ್ತೊಮ್ಮೆ ಮಾಡಿ. ಬೆಳಿಗ್ಗೆ ಸರಿಯಾಗಿದ್ದು ಸಂಜೆ ತಪ್ಪಿದರೆ ಕಂಬ ನೆಟ್ಟಗೆ ನಿಂತಿಲ್ಲ, ಅದನ್ನು ಮೊದಲು ಸರಿಪಡಿಸಬೇಕು.

ಟವರು, ರೊಟೇಟರು ಎಲ್ಲ ಸೇರಿದರೆ ಖರ್ಚು ದೊಡ್ಡದೇ. ಹನ್ನೆರಡು ವರ್ಷ ತುಂಬಿದ ಯಾರೇ ಆಗಲಿ ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆಯಬಹುದಾದ ನಮ್ಮ ದೇಶದಲ್ಲಿ, ಈ ಖರ್ಚು ವಿದ್ಯಾರ್ಥಿಗಳ ಕೈಗೆ ಎಟುಕುವುದಿಲ್ಲ ಎಂಬುದು ನನಗೆ ಗೊತ್ತು. ಅವರಿಗೆ ಒಂದು ಮಾತು. ತಾರಸಿಯ ಕಟ್ಟೆಗೆ ಎರಡು ಕಡೆ ಕ್ಲ್ಯಾಂಪು ಹಾಕಿ, ಅದರಲ್ಲಿ ಸಲೀಸಾಗಿ ತಿರುಗುವ ಒಂದು ನೀರಿನ ಪೈಪು ನಿಲ್ಲಿಸಿ, ತುದಿಗೆ ಹಗುರವಾದ ಯಾಗಿ ಕಟ್ಟಿ. ಪೈಪಿನ ಬುಡಕ್ಕೆ ಪ್ಲೈವುಡ್ಡಿನ ಒಂದು ವೃತ್ತ ಹಾಕಿ ಡಿಗ್ರಿಗಳ ಗುರುತು ಮಾಡಿ, ಪೈಪಿಗೊಂದು ತಂತಿಯ ಮುಳ್ಳು ಸಿಕ್ಕಿಸಿ. ಶಂಕುವಿನ ನೆರಳಿನಿಂದ ಉತ್ತರ ಕಂಡುಹಿಡಿದು ವೃತ್ತವನ್ನು ಅದಕ್ಕೆ ಹೊಂದಿಸಿ ಮೊಳೆ ಹೊಡೆಯಿರಿ. ತಿರುಗಿಸುವುದು ಕೈಯಿಂದಲೇ ಆಗಲಿ. ಮೊದಲು 56ಕ್ಕೆ ತಿರುಗಿಸಿ ಜಪಾನಿನ ಬೀಕನ್ನಿಗೆ ಕಿವಿಗೊಡಿ. ಅದು ಸಿಕ್ಕಿದ ಮೇಲೆ 254ಕ್ಕೆ ತಿರುಗಿಸಿ ಕೀನ್ಯಾದ ಸರದಿ ಬರುವವರೆಗೆ ಕಾಯಿರಿ.